ಬಾಗಿಲು, ಬೋರ್ಡು, ಮೀಟರು

ನಾನು ಸುಲಭಕ್ಕೆ ಯಾರನ್ನೂ ನಂಬುವವನಲ್ಲ. ಮುಳಬಾಗಿಲಿನಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡವನಿಗೆ ಆ ಗುಣ ಕಸುಬಿನ ಜೊತೆಗೇ ಬರುತ್ತದೆ. ಸುಟ್ಟುಹೋದ ಬೋರ್‌ವೆಲ್ ಮೋಟರನ್ನು ಟೆಂಪೋದಲ್ಲಿ ಹಾಕಿಕೊಂಡು ಬರುವ ಪ್ರತಿಯೊಬ್ಬನೂ ಹೇಳುವುದು ಒಂದೇ ಮಾತು: "ಏನೂ ಆಗಿಲ್ಲಣ್ಣ, ಚೆನ್ನಾಗೇ ಓಡ್ತಾ ಇತ್ತು, ಸುಮ್ನೆ ನಿಂತೋಯ್ತು." ಬಿಚ್ಚಿ ನೋಡಿದರೆ ಒಳಗಿನ ತಂತಿಯೆಲ್ಲ ಕರಕಲು. ನೀರಿಲ್ಲದೆ ಎಷ್ಟು ಹೊತ್ತು ಓಡಿಸಿದ್ದಾನೆ ಎಂಬುದನ್ನು ತಾಮ್ರದ ಬಣ್ಣ ಹೇಳುತ್ತದೆ, ಅವನು ಹೇಳುವುದಿಲ್ಲ. ಇಪ್ಪತ್ತು ವರ್ಷ ಸುಟ್ಟ ತಂತಿ ನೋಡಿ ನೋಡಿ ನನಗೆ ಯಾರಾದರೂ ನಕ್ಕರೂ ಇವನು ಏತಕ್ಕೆ ನಕ್ಕ ಎಂದೇ ಮೊದಲು ಅನ್ನಿಸುವುದು.

ಇಂಥ ನಾನು ಒಬ್ಬರನ್ನು ಅನುಮಾನಿಸಿ, ನಾಲ್ಕು ಜನರ ಮುಂದೆ ಆಡಬಾರದ ಮಾತು ಆಡಿದೆ. ತಪ್ಪು ನನ್ನದೇ ಎಂದು ಒಂದು ವಾರದೊಳಗೆ ಗೊತ್ತಾಯಿತು. "ತಪ್ಪಾಯ್ತು ಸಾರ್" ಅನ್ನುವುದಕ್ಕೆ ಎರಡು ವರ್ಷ ಸಮಯವಿತ್ತು. ಅನ್ನಲಿಲ್ಲ. ಹೋದ ತಿಂಗಳು ಅವರು ತೀರಿಕೊಂಡರು.

ಊರಿಗೆಲ್ಲ ಅವರು ಮೀಟರ್ ಸಾರ್. ಕರೆಂಟ್ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯಾಗುವವರೆಗೆ ಮನೆ ಮನೆ, ಅಂಗಡಿ ಅಂಗಡಿ ತಿರುಗಿ ಮೀಟರ್ ಓದಿದವರು. ಮೇಲೆ ಹೊಡೆದ ಮೀಟರುಗಳನ್ನು ಕತ್ತೆತ್ತಿ ಓದಿ ಓದಿ ಅವರ ಕುತ್ತಿಗೆ ಶಾಶ್ವತವಾಗಿ ಸ್ವಲ್ಪ ಹಿಂದಕ್ಕೆ ಬಾಗಿತ್ತು. ಹಾಗಾಗಿ ಯಾರೊಡನೆ ಮಾತಾಡಿದರೂ ಗದ್ದ ಎತ್ತಿಯೇ ಮಾತು. ಗೊತ್ತಿಲ್ಲದವರು ಇದನ್ನು ಕೊಬ್ಬು ಅಂದುಕೊಳ್ಳುತ್ತಿದ್ದರು. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಜೇಬಿನಲ್ಲಿ ಎರಡು ಪೆನ್ನು, ದಾರಕ್ಕೆ ಕಟ್ಟಿದ ಒಂದು ಸಣ್ಣ ಟಾರ್ಚು, ಬಾಯಲ್ಲಿ ಎಲ್ಲರಿಗೂ 'ಅಪ್ಪಾ' ಎಂಬುದಕ್ಕೆ ತೆಲುಗಿನ 'ನಾಯ್ನಾ', ಕಂಕುಳಲ್ಲಿ ಉದ್ದನೆಯ ನೋಟ್‌ಬುಕ್ಕು.

ನಿವೃತ್ತಿಯಾದ ಮೇಲೂ ನೋಟ್‌ಬುಕ್ಕು ಕೆಳಗಿಡಲಿಲ್ಲ. ಈಗ ಫೋನೊಂದು ಸೇರಿತು. ರಸ್ತೆಯ ಈಚೆ ಬದಿ ನಿಂತು, ಆಚೆ ಬದಿಯ ಅಂಗಡಿಯನ್ನು ಗದ್ದ ಎತ್ತಿ ನೋಡುವುದು, ಏನೋ ಬರೆದುಕೊಳ್ಳುವುದು, ಫೋಟೋ ಹಿಡಿಯುವುದು, ಮುಂದಕ್ಕೆ ಹೋಗುವುದು. ಒಂದು ವಾರದಲ್ಲಿ ಊರೆಲ್ಲ ಗುಸುಗುಸು ಶುರುವಾಯಿತು. ಕಟಿಂಗ್ ಶಾಪಿನವನು, ಟ್ಯಾಕ್ಸ್ ಆಫೀಸಿನವರಿಗೆ ವರದಿ ಕೊಡುತ್ತಿದ್ದಾರೆ ಎಂದ. ಬೇಕರಿಯವನು, ರಸ್ತೆ ಅಗಲ ಮಾಡುವುದಕ್ಕೆ ಗುಟ್ಟಾಗಿ ಅಳತೆ ನಡೆಯುತ್ತಿದೆ, ಮುಂದಿನ ವರ್ಷ ನಮ್ಮದೆಲ್ಲ ನೆಲಸಮ ಎಂದ. ನಾನಂತೂ ಮೀಟರ್ ಸಾರ್ ಕಂಡಾಗಲೆಲ್ಲ ಅರ್ಧ ಶಟರ್ ಎಳೆಯುತ್ತಿದ್ದೆ.

ಕೊನೆಗೆ ಒಂದು ದಿನ ಕೇಳಿಯೇಬಿಟ್ಟೆ. "ಏನ್ ಸಾರ್ ಇದು, ಏನ್ ಬರ್ಕೊಂತೀರಾ?"

"ಫೋನಲ್ಲಿ ಮ್ಯಾಪ್ ಐತಲ್ಲ ನಾಯ್ನಾ, ಅದರಲ್ಲಿ ನಮ್ಮೂರಿನ ಅಂಗಡಿಗಳೆಲ್ಲ ತಪ್ಪು ತಪ್ಪಾಗೈತೆ. ಇಲ್ಲದ್ದು ಐತೆ ಅಂತದೆ, ಇರೋದು ಇಲ್ಲ ಅಂತದೆ. ಸರಿ ಮಾಡಿ ಕಳಿಸ್ತೀನಿ."

"ಯಾರು ಹೇಳಿದ್ರು ಮಾಡಿ ಅಂತ?"

"ಯಾರೂ ಹೇಳಿಲ್ಲ."

ಯಾರೂ ಹೇಳದೆ, ಬಿಸಿಲಿನಲ್ಲಿ, ಊರಿನವರ ಅಂಗಡಿ ವಿಳಾಸ ತಿದ್ದುವ ಮನುಷ್ಯ. ನನ್ನ ಅನುಮಾನ ಇದರಿಂದ ಇಳಿಯುವ ಬದಲು ಏರಿತು.

ಇದು ಹೇಗೆ ಶುರುವಾಯಿತೆಂದು ಅವರೇ ಒಮ್ಮೆ ಹೇಳಿದ್ದರು. ಪುಂಗನೂರು ಕಡೆಯ ಒಬ್ಬ ಹೆಂಗಸು ಮಗುವಿಗೆ ಕನ್ನಡಕ ಮಾಡಿಸಲು ಫೋನ್ ನೋಡಿಕೊಂಡು ಮುಳಬಾಗಿಲಿಗೆ ಬಂದಿದ್ದಳಂತೆ. ಫೋನು ತೋರಿಸಿದ ಕನ್ನಡಕದ ಅಂಗಡಿ ಮುಚ್ಚಿ ಮೂರು ವರ್ಷವಾಗಿತ್ತು. ಆ ಜಾಗದ ಮೆಟ್ಟಿಲ ಮೇಲೆ ಮಗುವನ್ನು ಕೂರಿಸಿಕೊಂಡು, ಅಂಗಡಿ ಯಾವಾಗ ತೆಗೆಯುತ್ತಾರೆ ಎಂದು ತೆಲುಗಿನಲ್ಲಿ ಇವರನ್ನು ಕೇಳಿದಳಂತೆ. ಬೆಳಿಗ್ಗೆಯಿಂದ ಕಾಯುತ್ತಿದ್ದಳು. "ಆ ಅಂಗಡಿ ಮೀಟರ್ ಕಿತ್ತವನೇ ನಾನು ನಾಯ್ನಾ," ಎಂದರು. "ನನಗೆ ಗೊತ್ತಿತ್ತು. ಫೋನಿಗೆ ಗೊತ್ತಿರ್ಲಿಲ್ಲ." ಅವಳನ್ನು ಇನ್ನೊಂದು ಅಂಗಡಿಗೆ ತಾವೇ ಕರೆದುಕೊಂಡು ಹೋಗಿ ಬಿಟ್ಟು ಬಂದರಂತೆ. ನಿಜವೇ ಇರಬಹುದು ಅಂದುಕೊಂಡೆ, ಆದರೆ ನಂಬಿದೆ ಎಂದು ಹೇಳಲಾರೆ.

ಅವರ ಕೆಲಸದ ರೀತಿಯೇ ಬೇರೆ. ಅಂಗಡಿಯವನನ್ನು ಮೊದಲು ಕೇಳುತ್ತಲೇ ಇರಲಿಲ್ಲ. ಪಕ್ಕದವನನ್ನು ಕೇಳುತ್ತಿದ್ದರು. "ತನ್ನ ಅಂಗಡಿ ಬಗ್ಗೆ ಯಾವನೂ ನಿಜ ಹೇಳಲ್ಲ. ಎಂಟಕ್ಕೇ ತೆಗೀತೀನಿ ಅಂತಾನೆ. ಹೋಗಿ ನಿಂತ್ರೆ ಹತ್ತೂವರೆಗೆ ಬರ್ತಾನೆ. ಪಕ್ಕದವನಿಗೆ ಸುಳ್ಳು ಹೇಳಿ ಏನಾಗ್ಬೇಕು?" ಮುಚ್ಚಿದ ಅಂಗಡಿ ಕಂಡರೆ ಹಳೆಯ ಅಭ್ಯಾಸದಂತೆ ಪುಸ್ತಕದಲ್ಲಿ 'ಡೋರ್ ಲಾಕ್' ಎಂದು ಬರೆದುಕೊಳ್ಳುತ್ತಿದ್ದರು. ಒಂದು ಡೋರ್ ಲಾಕಿಗೆ ಅಂಗಡಿ ಹೋಯಿತು ಎನ್ನುವಂತಿಲ್ಲ. ಬೇರೆ ಬೇರೆ ವಾರ, ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹೋಗಬೇಕು. ಮೂರು ಸಲವೂ ಮುಚ್ಚಿದ್ದರೆ ಮೀಟರ್ ನೋಡಬೇಕು. ಹಳೆಯ ಮೀಟರಿನಲ್ಲಿ ಚಕ್ರ ತಿರುಗುತ್ತಿತ್ತು, ಈಗಿನದರಲ್ಲಿ ಕರೆಂಟು ಉರಿದಷ್ಟೂ ಜೋರಾಗಿ ಒಂದು ಕೆಂಪು ಚುಕ್ಕಿ ಮಿಣುಕುತ್ತದೆ. "ಚುಕ್ಕಿ ಮಿಣುಕ್ತಾ ಇದ್ರೆ ಒಳಗೆ ಜೀವ ಐತೆ ಅಂತ ಲೆಕ್ಕ. ಬೀಗ ಎಷ್ಟು ದೊಡ್ಡದಿದ್ರೂ ಸರಿ."

ಬಾಗಿಲು, ಬೋರ್ಡು, ಮೀಟರು. ಈ ಮೂರೂ ಒಂದೇ ಮಾತು ಹೇಳಿದರೆ ಮಾತ್ರ ಅವರು ಮ್ಯಾಪಿಗೆ ಹಾಕುವುದು. ಒಂದು ಹೆಚ್ಚುಕಡಿಮೆಯಾದರೂ ಇಲ್ಲ. ದೇವರಾಣೆ ಮಾಡಿ ಹೇಳಿದರೂ ಇಲ್ಲ.

ಮಿಠಾಯಿ ಅಂಗಡಿಯವರ ಜೊತೆ ಅವರು ಆಡಿದ ಜಗಳ ಊರಲ್ಲಿ ಈಗಲೂ ನಗುವ ವಿಷಯ. ಆ ಅಂಗಡಿಯ ಡಬ್ಬಿ, ಚೀಲ, ಬಿಲ್ಲು ಎಲ್ಲದರ ಮೇಲೂ 'ಹುಣಸೆಮರದ ಎದುರು' ಎಂದಿದೆ. ರಸ್ತೆ ದೊಡ್ಡದು ಮಾಡುವಾಗ ಮರ ಹೋಗಿ ಎಷ್ಟೋ ಕಾಲವಾಯಿತು. ಮ್ಯಾಪಿನ ವಿಳಾಸದಿಂದ ಅದನ್ನು ತೆಗೆಯಬೇಕೆಂದರು ಮೀಟರ್ ಸಾರ್.

"ಮರ ಹೋದ್ರೇನು ಸಾರ್, ಜನಕ್ಕೆ ಗೊತ್ತಿಲ್ವಾ?" ಎಂದರು ಮಿಠಾಯಿಯವರು.

"ನಮ್ಮ ಜನಕ್ಕೆ ಫೋನ್ ಯಾಕೆ ಬೇಕು ಸ್ವಾಮಿ? ಮದನಪಲ್ಲಿಯಿಂದ ಬರೋನು ಮರ ಎಲ್ಲಿ ಅಂತ ಹುಡುಕ್ತಾನೆ?"

"ನಮ್ ತಾತನ ಕಾಲದ ಅಡ್ರೆಸ್ಸು ಅದು. ತೆಗೆಯಕ್ಕಾಗಲ್ಲ."

ಎರಡು ತಿಂಗಳು ಹಗ್ಗಜಗ್ಗಾಟ ನಡೆದು, ಕೊನೆಗೆ 'ಹುಣಸೆಮರ ಇದ್ದ ಜಾಗದ ಎದುರು' ಎಂದು ರಾಜಿಯಾಯಿತು. ಇವತ್ತಿಗೂ ಮ್ಯಾಪಿನಲ್ಲಿ ಹಾಗೇ ಇದೆ. ಶ್ರೀನಿವಾಸಪುರದ ಮಾವಿನ ಮಂಡಿಗಳ ವಿಷಯದಲ್ಲೂ ಹೀಗೇ. ಅವು ಸೀಸನ್ನಿನಲ್ಲಿ ಮಾತ್ರ ತೆಗೆಯುವಂಥವು, ಉಳಿದ ತಿಂಗಳೆಲ್ಲ ಬೀಗ. ಯಾರೋ ಅವನ್ನೆಲ್ಲ ಮುಚ್ಚಿಹೋಗಿದೆ ಎಂದು ಹಾಕಿದ್ದರಂತೆ. ಇವರು ತಮ್ಮ ಖರ್ಚಿನಲ್ಲಿ ಬಸ್ಸು ಹತ್ತಿ ಹೋಗಿ, ಒಂದೊಂದೇ ಮಂಡಿಯ ಮುಂದೆ ನಿಂತು, ಮಾವಿನ ಕಾಲದಲ್ಲಿ ತೆರೆದಿರುತ್ತದೆ ಎಂದು ಸೇರಿಸಿ ಬಂದರು. ಇಷ್ಟು ತಲೆಕೆಡಿಸಿಕೊಳ್ಳುವ ಮನುಷ್ಯನಿಗೆ ಏನೋ ಒಂದು ಲಾಭ ಇರಲೇಬೇಕು ಎಂಬುದು ನನ್ನ ವಾದವಾಗಿತ್ತು.

ಇನ್ನು ನನ್ನ ವಿಷಯಕ್ಕೆ ಬರುತ್ತೇನೆ.

ನನ್ನ ಅಂಗಡಿ ಮೊದಲು ಹಳೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿತ್ತು. ಅಪ್ಪ ಶುರುಮಾಡಿದ ಜಾಗ. ಅಲ್ಲಿ ಟೆಂಪೋ ತಿರುಗುವುದಕ್ಕೂ ಜಾಗವಿರಲಿಲ್ಲವಾದ್ದರಿಂದ ಶ್ರೀನಿವಾಸಪುರದ ರಸ್ತೆಯಲ್ಲಿ ಒಂದು ಮಳಿಗೆ ಹಿಡಿದೆ. ಆಷಾಢ ಬರುವುದಕ್ಕೆ ಎರಡು ದಿನ ಮುಂಚೆ ಅವಸರದಲ್ಲಿ ಪೂಜೆ ಮಾಡಿ ಸಾಮಾನು ಸಾಗಿಸಿದೆವು. ಅಪ್ಪ ಬರೆಸಿದ್ದ ತಗಡಿನ ಬೋರ್ಡು ಮಾತ್ರ ಹಳೆಯ ಜಾಗದಲ್ಲೇ ಉಳಿಯಿತು. ಅದನ್ನು ಇಳಿಸಲು ಬೆಸುಗೆ ಕತ್ತರಿಸುವವನು ಸಿಗುವ ಹೊತ್ತಿಗೆ ಆಷಾಢ ಬಂದಿತ್ತು. "ನಿಮ್ಮಪ್ಪ ಕೈಯಾರೆ ಕಟ್ಟಿದ್ದು ಕಣೋ. ಆಷಾಢದಲ್ಲಿ ಇಳಿಸಬೇಡ. ಶ್ರಾವಣದಲ್ಲಿ ಒಳ್ಳೇ ದಿನ ನೋಡಿ ತಂದರಾಯ್ತು," ಎಂದಳು ಅಮ್ಮ. ಸರಿ ಎಂದೆ. ಶ್ರಾವಣದಲ್ಲಿ ದಾಯಾದಿಗಳಲ್ಲೊಬ್ಬರು ಹೋಗಿ ಸೂತಕ ಬಂತು. ಆಮೇಲೆ ಗೌರಿ-ಗಣೇಶ ಎಂದು ಕೆಲಸದವನು ಸಿಗಲಿಲ್ಲ. ಆಮೇಲೆ ಪಿತೃಪಕ್ಷ. ಹೊಸ ಅಂಗಡಿಗೆ ಹೆಸರೇ ಇಲ್ಲ, ಹಳೆಯ ಅಂಗಡಿಗೆ ಹೆಸರು ಮಾತ್ರ ಇದೆ.

ಹಳೆಯ ಜಾಗದ ಬೀಗದ ಕೈ ನನ್ನ ಬಾಮೈದನ ಹತ್ತಿರವಿತ್ತು. ಹೆಂಡತಿಯ ತಮ್ಮ, ನನ್ನ ಹತ್ತಿರವೇ ಕೆಲಸ ಕಲಿತು ಹತ್ತು ವರ್ಷ ನನ್ನ ಜೊತೆಗಿದ್ದವನು, ಎರಡು ಮಕ್ಕಳ ತಂದೆ. ಒಂದಷ್ಟು ಹಳೆ ಸಾಮಾನು ಅಲ್ಲಿ ಉಳಿದಿತ್ತು, ನೋಡಿಕೊಳ್ಳಲಿ ಎಂದು ಕೊಟ್ಟಿದ್ದೆ. ಬೋರ್ಡಿನ ಮೇಲೆ ಬರೆದಿರುವ ನಂಬರಿನ ಹಳೆಯ ಫೋನನ್ನೂ ಅವನಿಗೇ ಕೊಟ್ಟಿದ್ದೆ, ಯಾರಾದರೂ ಕರೆದರೆ ಹೊಸ ಜಾಗ ಹೇಳು ಎಂದು. ಜಗತ್ತಿನಲ್ಲಿ ನಾನು ಅನುಮಾನಿಸದೆ ಇದ್ದವರು ಇಬ್ಬರೋ ಮೂವರೋ. ಅವರಲ್ಲಿ ಅವನೊಬ್ಬ.

ಹೊಸ ಜಾಗಕ್ಕೆ ಬಂದ ಮೊದಲ ವಾರವೇ ಮೀಟರ್ ಸಾರನ್ನು ಕರೆದು ಹೇಳಿದ್ದೆ, ಮ್ಯಾಪಿನಲ್ಲಿ ನನ್ನ ಅಂಗಡಿಯನ್ನು ಹೊಸ ಜಾಗಕ್ಕೆ ಹಾಕಿ ಎಂದು. ಅವರು ಒಳಗೆ ಬಂದು, ಗದ್ದ ಎತ್ತಿ ಬಾಗಿಲ ಮೇಲೆ ನೋಡಿದರು. "ಬೋರ್ಡೆಲ್ಲಿ ನಾಯ್ನಾ?"

"ಅಲ್ಲೇ ಐತೆ ಸಾರ್. ಆಷಾಢ ಅಲ್ವಾ."

"ಅದು ಬರ್ಲಿ. ಆಮೇಲೆ ಹಾಕ್ತೀನಿ."

"ನಾನೇ ಇಲ್ಲಿ ಕೂತಿದೀನಲ್ಲ ಸಾರ್, ಸಾಲ್ದಾ?"

"ನೀನು ಎದ್ದೋಗ್ತೀಯ. ಬೋರ್ಡ್ ಎದ್ದೋಗಲ್ಲ," ಎಂದು ನಕ್ಕು ಹೊರಟುಹೋದರು. ಆ ನಗು ನನಗೆ ಹಿಡಿಸಲಿಲ್ಲ.

ತಿಂಗಳು ಕಳೆಯುತ್ತ ಗಿರಾಕಿ ಇಳಿಯಿತು. ಆವನಿ, ದೇವರಾಯಸಮುದ್ರದ ಕಡೆಯಿಂದ ಅಪ್ಪನ ಕಾಲದಿಂದ ಬರುತ್ತಿದ್ದವರೂ ಕಾಣಲಿಲ್ಲ. ಹೊಸ ಜಾಗಕ್ಕೆ ಜನ ಒಗ್ಗಬೇಕು ಎಂದು ಬಾಮೈದನೇ ಸಮಾಧಾನ ಹೇಳುತ್ತಿದ್ದ. ಬೈಪಾಸ್ ಹತ್ತಿರ ಇನ್ನೊಂದು ವೈಂಡಿಂಗ್ ಅಂಗಡಿಯಿದೆ. ಮ್ಯಾಪಿನಲ್ಲಿ ಅದು ಕರಾರುವಾಕ್ಕಾಗಿ ಇತ್ತು, ಬಾಗಿಲ ಫೋಟೋ ಸಮೇತ. ಹಾಕಿದವರು ಯಾರು? ಮೀಟರ್ ಸಾರ್. ನನ್ನದನ್ನು ಹಾಕದವರು ಯಾರು? ಅವರೇ. ಇಷ್ಟು ಸಾಕಾಗಿತ್ತು ನನಗೆ. ಆ ಅಂಗಡಿಯವನು ಇವರನ್ನು ಬುಟ್ಟಿಗೆ ಹಾಕಿಕೊಂಡಿದ್ದಾನೆ ಎಂದು ತೀರ್ಮಾನ ಮಾಡಿದೆ.

ಒಂದು ಬೆಳಿಗ್ಗೆ ಸರ್ಕಲ್ಲಿನ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದೆ. ಅವರು ಕಾಫಿ ಲೋಟ ಹಿಡಿದುಕೊಂಡು ನನ್ನ ಟೇಬಲ್ಲಿಗೇ ಬಂದರು. "ನಾಯ್ನಾ, ನಿನ್ನ ಹಳೇ ಅಂಗಡಿ ವಿಷಯ ಒಂದು ಮಾತು," ಎಂದರು ಮೆಲ್ಲಗೆ.

ನನಗೆ ಎಲ್ಲಿತ್ತೋ ಸಿಟ್ಟು. ಮೇಲೆದ್ದೆ. "ಯಾರ ಕೆಲಸ ಮಾಡ್ತಾ ಇದೀರ ಸಾರ್ ನೀವು? ಬೈಪಾಸಿನವನದಾ? ರಿಟೈರ್ ಆದ್ಮೇಲೆ ಮರ್ಯಾದೆಯಿಂದ ಮನೇಲಿ ಇರ್ಬೇಕು. ಇನ್ನೊಬ್ರ ಹೊಟ್ಟೆ ಮೇಲೆ ಹೊಡೆಯೋದಲ್ಲ. ಅಂಗಡಿ ಅಂಗಡಿ ಮುಂದೆ ಕಳ್ಳನ ಥರ ನಿಂತ್ಕೊಂಡು ನೋಡೋದು ಬಿಡಿ ಮೊದ್ಲು."

ದೋಸೆ ಹೆಂಚಿನವನೂ ತಿರುಗಿ ನೋಡಿದ. ಅವರು ಲೋಟವನ್ನು ಟೇಬಲ್ಲಿನ ಮೇಲಿಟ್ಟರು. ಮೊದಲ ಸಲ ಅವರ ಗದ್ದ ಕೆಳಗಿಳಿದಿದ್ದನ್ನು ನೋಡಿದೆ. ಹತ್ತಿರ ಬಂದು, ನನಗೊಬ್ಬನಿಗೇ ಕೇಳಿಸುವಂತೆ ಹೇಳಿದರು. "ಹಳೇ ಅಂಗಡಿ ಚುಕ್ಕಿ ಮಿಣುಕ್ತಾ ಐತೆ. ಮಧ್ಯಾಹ್ನ ಮೂರರ ಮೇಲೆ. ಹೋಗಿ ನೋಡು." ಕಾಫಿ ಅರ್ಧ ಹಾಗೇ ಇತ್ತು. ಹೊರಟುಹೋದರು.

ಇದರಲ್ಲೂ ಏನೋ ಕುತಂತ್ರವಿದೆ ಅಂದುಕೊಂಡೆ. ನಾಲ್ಕು ದಿನ ಹಾಗೇ ಅಂದುಕೊಂಡೆ. ಐದನೆಯ ದಿನ ಮೂರೂವರೆಗೆ, ಬಾಮೈದ ಊಟಕ್ಕೆಂದು ಹೋದವನು ಇನ್ನೂ ಬಂದಿಲ್ಲವಲ್ಲ ಎನ್ನಿಸಿ ಹೊರಟೆ.

ಹಳೆಯ ಅಂಗಡಿಯ ಶಟರ್ ಅರ್ಧ ಎತ್ತಿತ್ತು. ಮೆಟ್ಟಿಲ ಪಕ್ಕದ ಮೀಟರಿನಲ್ಲಿ ಕೆಂಪು ಚುಕ್ಕಿ ಜೋರಾಗಿ ಮಿಣುಕುತ್ತಿತ್ತು. ಬಗ್ಗಿ ನೋಡಿದೆ. ಅಪ್ಪನ ಸ್ಟೂಲಿನ ಮೇಲೆ ಕೂತು ಬಾಮೈದ ತಂತಿ ಸುತ್ತುತ್ತಿದ್ದ. ಬೆಂಚಿನ ಮೇಲೆ ಆವನಿ ಕಡೆಯ ರೈತನೊಬ್ಬ ಕೂತಿದ್ದ, ಕೈಯಲ್ಲಿ ಮ್ಯಾಪು ತೆರೆದ ಫೋನು. ನನ್ನ ಮುಖ ಅವನಿಗೆ ಗೊತ್ತಿರಲಿಲ್ಲ. "ಬನ್ನಿ ಅಣ್ಣ, ಕೂತ್ಕೊಳ್ಳಿ. ಓನರ್ ಊರಲ್ಲಿಲ್ವಂತೆ, ಇವರೇ ಮಾಡ್ಕೊಡ್ತಾರೆ," ಎಂದು ನನಗೇ ಜಾಗ ಬಿಟ್ಟುಕೊಟ್ಟ. ಬಾಮೈದ ತಲೆ ಎತ್ತಿದ. ಸುಟ್ಟ ತಂತಿ ನೋಡಿದ ಮೇಲೆ ಕೇಳುವುದು ಏನಿರುತ್ತದೆ? ಇವತ್ತೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ.

ಅವತ್ತೇ ಬೋರ್ಡು ಇಳಿಸಿದೆ. ಪಿತೃಪಕ್ಷ ಎಂದು ಅಮ್ಮ ಗೋಳಾಡಿದಳು. ಕೇಳಲಿಲ್ಲ. ನಾನೇ ಏಣಿ ಹತ್ತಿ, ನಾನೇ ಕತ್ತರಿಸಿ, ಆಟೋದಲ್ಲಿ ಹಾಕಿಕೊಂಡು ಬಂದು ಹೊಸ ಬಾಗಿಲ ಮೇಲೆ ಹೊಡೆದೆ. ಬಾಮೈದ ಶ್ರೀನಿವಾಸಪುರದಲ್ಲಿ ಬೇರೆ ಅಂಗಡಿ ಮಾಡಿಕೊಂಡ. ಮನೆಯಲ್ಲಿ ಹೆಂಡತಿಗೆ ಬಿಟ್ಟರೆ ಬೇರೆ ಯಾರಿಗೂ ಕಾರಣ ಹೇಳಲಿಲ್ಲ. ಅವನು ಸ್ವಂತ ಅಂಗಡಿ ಹಾಕಿದ್ದಾನೆ, ಸಂತೋಷ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ.

ಬೋರ್ಡು ಹೊಡೆದ ಮರುದಿನ ಬೆಳಿಗ್ಗೆ ರಸ್ತೆಯಾಚೆ ಮೀಟರ್ ಸಾರ್ ನಿಂತಿದ್ದರು. ಗದ್ದ ಎತ್ತಿ ಬೋರ್ಡು ನೋಡಿದರು, ಮೀಟರ್ ನೋಡಿದರು, ಬರೆದುಕೊಂಡರು, ಫೋಟೋ ಹಿಡಿದರು. ಒಳಗೆ ಬರಲಿಲ್ಲ. ಒಂದು ಕೂಗು ಹಾಕಿದ್ದರೆ ಸಾಕಿತ್ತು. ನಾನು ತಲೆ ತಗ್ಗಿಸಿ ತಂತಿ ಸುತ್ತುತ್ತ ಕೂತೆ. ವಾರದಲ್ಲಿ ಮ್ಯಾಪಿನ ಮೇಲೆ ನನ್ನ ಅಂಗಡಿ ಸರಿಯಾದ ಜಾಗಕ್ಕೆ ಬಂತು, ಆವನಿಯವರೂ ಬಂದರು.

ಯಾಕೆ ತಪ್ಪೊಪ್ಪಿಕೊಳ್ಳಲಿಲ್ಲ ಎಂದರೆ ಕಾರಣ ನಾಚಿಕೆಗೇಡಿನದು. ಅವರಿಗೆ ಎಲ್ಲವೂ ಗೊತ್ತಿತ್ತು. ನನ್ನ ಮನೆಯವನೇ ನನಗೆ ಕೈಕೊಟ್ಟ ಎಂಬುದು ಅವರ ಬಾಯಿಂದ ಇವತ್ತಲ್ಲ ನಾಳೆ ಹೊರಗೆ ಬೀಳುತ್ತದೆ, ಹೋಟೆಲಿನಲ್ಲಿ ಮಾಡಿದ ಅವಮಾನಕ್ಕೆ ಸೇಡು ತೀರಿಸಿಕೊಳ್ಳುತ್ತಾರೆ ಎಂದು ನಾನು ಕಾಯುತ್ತಿದ್ದೆ. ಇಬ್ಬರು ಪಿಸುಗುಟ್ಟಿದರೆ ನನ್ನ ವಿಷಯವೇ ಎಂದು ಕಿವಿಗೊಡುತ್ತಿದ್ದೆ. ಸುದ್ದಿ ಹಬ್ಬಿದ ಮೇಲೆ ಲೆಕ್ಕ ಸಮವಾಗುತ್ತದೆ, ಆಗ ತಪ್ಪಾಯ್ತು ಅನ್ನುವುದೂ ಬೇಕಿಲ್ಲ ಎಂಬ ಹಂಚಿಕೆ ಬೇರೆ. ಎರಡು ವರ್ಷ ಕಾದೆ. ಸುದ್ದಿ ಹಬ್ಬಲೇ ಇಲ್ಲ. ದಾರಿಯಲ್ಲಿ ಸಿಕ್ಕರೆ ಗದ್ದ ಎತ್ತಿ "ಏನ್ ನಾಯ್ನಾ" ಅನ್ನುತ್ತಿದ್ದರು, ಮುಂದಕ್ಕೆ ಹೋಗುತ್ತಿದ್ದರು.

ಅವರು ಹೋದ ಸುದ್ದಿ ಫೋನಿನಲ್ಲಿ ಬಂದಾಗಲೂ ನಾನು ನಂಬಲಿಲ್ಲ. ಫೋನಿನಲ್ಲಿ ಏನು ಬೇಕಾದರೂ ಹಾಕುತ್ತಾರೆ. ಹದಿನೈದು ದಿನ ಬಿಟ್ಟು ಹೋಟೆಲಿನಲ್ಲಿ ವಿಚಾರಿಸಿದೆ. ನಿದ್ದೆಯಲ್ಲೇ ಹೋದರಂತೆ. ಎಲ್ಲ ಕಾರ್ಯವೂ ಮುಗಿದಿದೆ, ಅವರ ಹೆಂಡತಿಯನ್ನು ಮಗಳು ಮಾಲೂರಿಗೆ ಕರೆದುಕೊಂಡು ಹೋದಳು, ಮನೆಗೆ ಬೀಗ ಎಂದರು. ಇನ್ನು ಹೇಳುವುದಕ್ಕೆ ಯಾರೂ ಇಲ್ಲ, ತಪ್ಪಿತು ಎಂದು ನಿಟ್ಟುಸಿರು ಬಿಟ್ಟೆ. ಬಿಟ್ಟ ಮೇಲೆ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಆ ಹೇಸಿಗೆಯೇ ಸಂಜೆ ನನ್ನನ್ನು ಅವರ ಬೀದಿಗೆ ಕರೆದುಕೊಂಡು ಹೋಯಿತು. ಬಾಗಿಲಿಗೆ ದೊಡ್ಡ ಬೀಗ. ಒಂದು ನಿಮಿಷ ನಿಂತು ಹೊರಡಬೇಕು, ಗೋಡೆಯ ಮೀಟರಿನ ಕಡೆ ಕಣ್ಣು ಹೋಯಿತು. ಕೆಂಪು ಚುಕ್ಕಿ ಚೆನ್ನಾಗಿಯೇ ಮಿಣುಕುತ್ತಿತ್ತು. "ಅಮ್ಮಾ," ಎಂದೆ. ಚುಕ್ಕಿ ನಿಧಾನವಾಯಿತು. ಒಳಗೆ ಯಾರೋ ಫ್ಯಾನು ಆರಿಸಿದ್ದರು.

ಸುತ್ತು ಹಾಕಿ ಹಿತ್ತಲ ಬಾಗಿಲಿಗೆ ಹೋಗಿ, ನಾನು ಮೋಟರ್ ಅಂಗಡಿಯವನು ಎಂದೆ. ಅವರ ಹೆಂಡತಿ ಬಾಗಿಲು ತೆಗೆದರು.

"ಬಂದವ್ರಿಗೆಲ್ಲ ಹೆಂಗೋದ್ರು, ಹೆಂಗೋದ್ರು ಅಂತ ಹೇಳಿ ಹೇಳಿ ಸಾಕಾಯ್ತಪ್ಪ," ಎಂದರು. "ನಾಲ್ಕು ದಿನ ಸುಮ್ನೆ ಇರ್ತೀನಿ ಅಂತ ಮಗಳ ಕೈಲಿ ಮುಂದೆ ಬೀಗ ಹಾಕ್ಸಿದೆ. ಭಾನುವಾರ ಬಂದು ಕರ್ಕೊಂಡೋಗ್ತಾಳೆ. ನಿಂಗೆಂಗೆ ಗೊತ್ತಾಯ್ತು ನಾನಿರೋದು?"

"ಚುಕ್ಕಿ ಮಿಣುಕ್ತಾ ಇತ್ತಮ್ಮ," ಎಂದೆ.

ಅವರು ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ನಾನು ಹೇಳಿದೆ. "ಸಾರ್‌ಗೆ ನಾನೊಂದು ತಪ್ಪು ಮಾಡಿದೀನಮ್ಮ. ನಿಮಗೆ ಗೊತ್ತೇ ಇರುತ್ತೆ. ಬಾಮೈದನ ವಿಷಯ."

"ಯಾವ ಬಾಮೈದ? ನಿನ್ನ ಬೋರ್ಡ್ ಬಂತು, ಅಂಗಡಿ ಒಳ್ಳೇ ಜಾಗದಲ್ಲೈತೆ ಅಂತ ಒಂದಿನ ಹೇಳಿದ್ರು. ಅಷ್ಟೇ."

ಸಾರ್ ತಮ್ಮ ಹೆಂಡತಿಗೂ ಹೇಳಿರಲಿಲ್ಲ. ನಾನು ಹಿತ್ತಲ ಮೆಟ್ಟಿಲ ಮೇಲೆ ಕೂತೆ. ಎರಡು ವರ್ಷ ಯಾರ ಬಾಯಿಂದ ಹೊರಬೀಳುತ್ತದೋ ಎಂದು ಹೆದರಿಕೊಂಡಿದ್ದ ವಿಷಯವನ್ನು, ಹಳೆಯ ಅಂಗಡಿಯಿಂದ ಹಿಡಿದು ಅರ್ಧ ಉಳಿದ ಕಾಫಿಯವರೆಗೆ, ಒಂದೂ ಬಿಡದೆ ನಾನೇ ಹೇಳಿದೆ. ಹೇಳುತ್ತ ಹೇಳುತ್ತ ಅತ್ತೆ. ಅವರು ಎಲ್ಲ ಕೇಳಿ, "ಅವತ್ತು ಕಾಫಿ ಮತ್ತೆ ಮನೇಲಿ ಕುಡಿದ್ರು. ಯಾಕೆ ಅಂತ ಕೇಳಿದ್ರೆ ಹೋಟೆಲಿಂದು ಚೆನ್ನಾಗಿರ್ಲಿಲ್ಲ ಅಂದ್ರು," ಎಂದರು. ನನಗೂ ಒಂದು ಲೋಟ ಮಾಡಿಕೊಟ್ಟರು. ಹೊರಡುವಾಗ, "ಯಾರಿಗೂ ಹೇಳ್ಬೇಡಪ್ಪ, ನಾನಿದೀನಿ ಅಂತ," ಎಂದರು.

ಈಗ ಅವರು ನಿಜವಾಗಿಯೂ ಮಾಲೂರಿನಲ್ಲಿದ್ದಾರೆ, ಹಾಗಾಗಿ ಬರೆಯುತ್ತಿದ್ದೇನೆ. ಆದರೆ ಆ ಸಂಜೆಯ ಮರುದಿನ ಹೋಟೆಲಿನಲ್ಲಿ ಮತ್ತೆ ಅದೇ ಮಾತು ಬಂತು. ಮೀಟರ್ ಸಾರ್ ಮನೆಯಲ್ಲಿ ಯಾರೂ ಇಲ್ಲವಂತೆ, ಬೀಗವಂತೆ, ನೀನೇನಾದರೂ ಆ ಕಡೆ ಹೋಗಿದ್ದೆಯಾ ಎಂದು ಬೇಕರಿಯವನು ಕೇಳಿದ.

"ಹೋಗಿದ್ದೆ," ಎಂದೆ. "ಡೋರ್ ಲಾಕ್."